ಮಿಲ್ವಾಕೀಗೆ ಹೆಸರು ತಂದ ಬಿಯರು ತನ್ನ ಹೆಸರು ಕಳೆದುಕೊಂಡ ಬಗೆ

ಮೇಷ್ಟ್ರು ಈ ಬಾರಿ ಬಿಯರಿನ ವಿಷಯಕ್ಕೆ ಕೈಹಾಕಿದ್ದಾರೆಂಬುದನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ನಮ್ಮ ಬಂಧುವರ್ಗದ ಹಿರಿಯರು ಶೀರ್ಷಿಕೆಯನ್ನು ಓದಿದೊಡನೆಯೇ ಪುಟ ಮುಚ್ಚಿದರೂ ಆಶ್ಚರ್ಯವಿಲ್ಲ. ಕುಡಿತದ ಗುಣಗಾನ ಇಲ್ಲಿ ಇರುವುದಿಲ್ಲವೆಂದು ಅವರಿಗೆ ಮೊದಲೇ ಮಾತು ಕೊಡುತ್ತೇನೆ. ಇದೊಂದು ವ್ಯಾಪಾರದ ಇತಿಹಾಸ. ನಡುವೆ ಹೈಸ್ಕೂಲು ಮಟ್ಟದ ಒಂದಿಷ್ಟು ಗಣಿತ.

ವಿಷಯ ಹುಟ್ಟಿದ್ದು ಹೀಗೆ. ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ಕಾರು ಮಂದಿ (ಈಗ ಅವರಿಗೂ ತಲೆ ನರೆತಿದೆ) ಒಂದೆಡೆ ಸೇರಿದಾಗ, ಅಗ್ಗದ ಕಾರ್ಖಾನೆ ಬಿಯರುಗಳಲ್ಲಿ ಅತಿ ಕೆಟ್ಟದ್ದು ಯಾವುದು, ಅಂಥದ್ದು ಗಂಟಲಲ್ಲಿ ಇಳಿಯುವುದು ಯಾವಾಗ ಎಂಬ ಜಿಜ್ಞಾಸೆಯಲ್ಲಿ ತೊಡಗಿದರು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಯಾವುದಾದರೂ ಸರಿ ಎಂದು ಒಬ್ಬನ ವಾದ. ಉಪ್ಪು ಹಚ್ಚಿದ ಕಡಲೆಬೀಜ ಜೊತೆಗಿರಲೇಬೇಕೆಂದು ಇನ್ನೊಬ್ಬನದು. ಮೂರನೆಯ ಲೋಟದ ಅನಂತರ ಎಲ್ಲವೂ ಒಂದೇ ಎಂದ ಮತ್ತೊಬ್ಬ. ತರಗತಿಯಲ್ಲಿಯೂ ಅವನ ಉತ್ತರಗಳು ಹೀಗೆಯೇ ಇರುತ್ತಿದ್ದವು. ಪಂಚಾಯಿತಿಗೆ ನನ್ನನ್ನು ಕರೆದರು. ಜೀವಮಾನದಲ್ಲಿ ಎರಡೋ ಮೂರೋ ಬಾರಿ ಅರ್ಧ ಲೋಟ ಕುಡಿದು ಮುಖ ಕಿವುಚಿದವನಿಗೆ ರುಚಿಯ ತೀರ್ಪು ಹೇಳುವ ಅಧಿಕಾರವಿಲ್ಲ. ಆದರೆ ಒಂದು ಬಿಯರು ಹೇಗೆ ಕೆಡುತ್ತದೆ, ಕೆಟ್ಟದ್ದು ಮತ್ತೆ ಯಾವಾಗ ಕುಡಿಯುವಂತಾಗುತ್ತದೆ ಎಂಬುದಕ್ಕೆ ಅಮೆರಿಕದ ವಾಣಿಜ್ಯ ಚರಿತ್ರೆಯಲ್ಲಿ ಚೊಕ್ಕವಾದ ಒಂದು ಪ್ರಕರಣವಿದೆ. ಅದನ್ನು ಬರೆದು ತಿಳಿಸುತ್ತೇನೆಂದು ಅವರಿಗೆ ಹೇಳಿದ್ದೆ.

ಮೊದಲು ತಂಪಿನ ಮಾತು. ಕರಗಿ ನೀರಾದ ಐಸ್‌ಕ್ರೀಮನ್ನು ನೀವು ಎಂದಾದರೂ ಚಮಚದಲ್ಲಿ ತೆಗೆದು ಕುಡಿದಿದ್ದರೆ, ಅದು ಗಟ್ಟಿಯಾಗಿದ್ದಾಗ ಇದ್ದುದಕ್ಕಿಂತ ಎಷ್ಟು ಹೆಚ್ಚು ಸಿಹಿಯೆನಿಸುತ್ತದೆಂಬುದು ಗೊತ್ತಿರುತ್ತದೆ. ಸಕ್ಕರೆ ಅಷ್ಟೇ, ನಾಲಿಗೆಯ ಗ್ರಹಿಕೆ ಬೇರೆ. ರುಚಿಯ ಜೀವಕೋಶಗಳೊಳಗಿನ ಒಂದು ಅಯಾನು ದ್ವಾರ 15ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಉಷ್ಣತೆ ಏರಿದಂತೆಲ್ಲ ಹೆಚ್ಚು ಚುರುಕಾಗುತ್ತದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ತಣ್ಣನೆಯ ದ್ರವದಿಂದ ವಾಸನೆಯ ಕಣಗಳೂ ಕಡಿಮೆ ಏಳುತ್ತವೆ, ಮತ್ತು ನಾವು ರುಚಿಯೆನ್ನುವುದರಲ್ಲಿ ಬಹುಪಾಲು ವಾಸನೆಯೇ. ಆದುದರಿಂದ ಮೊದಲನೆಯವನ ವಾದದಲ್ಲಿ ಹುರುಳಿದೆ: ಮಂಜಿನಷ್ಟು ತಣ್ಣಗಿನ ಬಿಯರಿನ ದೋಷಗಳು ನಾಲಿಗೆಗೆ ಸರಿಯಾಗಿ ಕಾಣಿಸುವುದಿಲ್ಲ, ಗುಣಗಳೂ ಅಷ್ಟೇ. ಇಂಗ್ಲೆಂಡಿನವರು ತಮ್ಮ ಪೀಪಾಯಿಯ ಏಲ್ ಎಂಬ ಬಿಯರನ್ನು ಸುಮಾರು 12 ಡಿಗ್ರಿಯಲ್ಲಿ ಕುಡಿಯುವುದು ಜಿಪುಣತನದಿಂದಲ್ಲ, ಅದರಲ್ಲಿ ರುಚಿ ನೋಡಬೇಕಾದದ್ದು ಇರುವುದರಿಂದ. ಕಡಲೆಬೀಜದ ವಾದವೂ ಪೂರ್ತಿ ಸುಳ್ಳಲ್ಲ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಮೂರನೆಯ ವಾದಕ್ಕೆ ಪ್ರಯೋಗದ ಅಗತ್ಯವಿಲ್ಲ.

ಇನ್ನು ಕಥೆಗೆ ಬರುತ್ತೇನೆ. ಅಮೆರಿಕದ ಮಿಶಿಗನ್ ಸರೋವರದ ದಂಡೆಯಲ್ಲಿರುವ ಮಿಲ್ವಾಕೀ ನಗರ ಜರ್ಮನ್ ವಲಸಿಗರಿಂದ ಬೆಳೆದ ಊರು. 1849ರಲ್ಲಿ ಆಗಸ್ಟ್ ಕ್ರುಗ್ ಎಂಬವನು ಅಲ್ಲಿ ಸಣ್ಣದೊಂದು ಬ್ರೂವರಿ ಆರಂಭಿಸಿದ. ಅವನಲ್ಲಿ ಲೆಕ್ಕ ಬರೆಯುತ್ತಿದ್ದವನು ಜೋಸೆಫ್ ಶ್ಲಿಟ್ಜ್. 1856ರಲ್ಲಿ ಕ್ರುಗ್ ತೀರಿಕೊಂಡ; ಶ್ಲಿಟ್ಜ್ ವ್ಯವಹಾರವನ್ನು ವಹಿಸಿಕೊಂಡು, ಎರಡು ವರ್ಷಗಳ ಅನಂತರ ಯಜಮಾನನ ವಿಧವೆಯನ್ನು ವಿವಾಹವಾಗಿ, ಬ್ರೂವರಿಗೆ ತನ್ನ ಹೆಸರನ್ನಿಟ್ಟ. 1875ರಲ್ಲಿ ಜರ್ಮನಿಗೆ ಹೊರಟವನು ಇಂಗ್ಲೆಂಡಿನ ಸಮೀಪದ ಸಿಲಿ ದ್ವೀಪಗಳ ಬಳಿ ಹಡಗು ಮುಳುಗಿ ಸತ್ತ. ಆ ಹಡಗಿನ ಹೆಸರು ಷಿಲ್ಲರ್, ಜರ್ಮನ್ ಮಹಾಕವಿಯದು. ಮುಂದೆ ಆಡಳಿತ ಕ್ರುಗ್‌ನ ಸೋದರಳಿಯಂದಿರಾದ ಈಲೈನ್ ಮನೆತನದ ಕೈಗೆ ಬಂತು. ಆದರೆ ಸೀಸೆಯ ಮೇಲಿನ ಹೆಸರು ಶ್ಲಿಟ್ಜ್ ಎಂದೇ ಉಳಿಯಿತು. "ಮಿಲ್ವಾಕೀಗೆ ಹೆಸರು ತಂದ ಬಿಯರು" ಎಂಬುದು ಅವರ ಘೋಷವಾಕ್ಯ. 1902ರ ಹೊತ್ತಿಗೆ ಅದು ಪ್ರಪಂಚದಲ್ಲಿಯೇ ಅತಿ ಹೆಚ್ಚು ಬಿಯರು ತಯಾರಿಸುವ ಕಂಪನಿಯಾಗಿತ್ತು.

ಈ ಏಳಿಗೆಯ ಕಾಲದ ಎರಡು ಸಂಗತಿಗಳನ್ನು ಹೇಳಲೇಬೇಕು. ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತುಗಾರನನ್ನು ಕಂಪನಿ ಕರೆಸಿತು. ಅಂದು ಎಲ್ಲ ತಯಾರಕರೂ "ನಮ್ಮದು ಶುದ್ಧ ಬಿಯರು" ಎಂದು ದಪ್ಪಕ್ಷರಗಳಲ್ಲಿ ಕೂಗುತ್ತಿದ್ದರೇ ಹೊರತು ಶುದ್ಧವೆಂದರೇನೆಂದು ಯಾರೂ ಹೇಳುತ್ತಿರಲಿಲ್ಲ. ಹಾಪ್ಕಿನ್ಸ್ ಕಾರ್ಖಾನೆಯನ್ನೆಲ್ಲ ಸುತ್ತಾಡಿದ. ಗಾಜಿನ ಗೋಡೆಗಳ ಕೋಣೆಯಲ್ಲಿ, ಸೋಸಿದ ಗಾಳಿಯಲ್ಲಿ ಬಿಯರನ್ನು ಆರಿಸುತ್ತಿದ್ದುದನ್ನೂ, ಒಂದೊಂದು ಸೀಸೆಯನ್ನು ನಾಲ್ಕು ಬಾರಿ ತೊಳೆಯುತ್ತಿದ್ದುದನ್ನೂ, ಸಾವಿರಾರು ಅಡಿ ಆಳದ ಬಾವಿಯ ನೀರನ್ನೂ ಕಂಡ. ಇದನ್ನೇಕೆ ಜನರಿಗೆ ತಿಳಿಸುವುದಿಲ್ಲವೆಂದು ಕೇಳಿದಾಗ, ಎಲ್ಲರೂ ಮಾಡುವುದು ಇದನ್ನೇ ಎಂಬ ಉತ್ತರ ಬಂತು. ಎಲ್ಲರೂ ಮಾಡುತ್ತಾರೆ, ಯಾರೂ ಹೇಳಿಲ್ಲ ಎಂದು ಅವನು ಇದ್ದುದನ್ನು ಇದ್ದಂತೆ ಬರೆದ. ಐದನೆಯ ಸ್ಥಾನದಲ್ಲಿದ್ದ ಶ್ಲಿಟ್ಜ್ ಕೆಲವೇ ತಿಂಗಳಲ್ಲಿ ಮೊದಲನೆಯ ಸ್ಥಾನದ ಹತ್ತಿರಕ್ಕೆ ಬಂದಿತೆಂದು ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. (ಜಾಹೀರಾತುಗಾರನ ಆತ್ಮಕಥೆಯನ್ನು ಒಂದಿಷ್ಟು ಕಳೆದೇ ಓದಬೇಕು.)

ಎರಡನೆಯದು ಕಂದು ಗಾಜಿನ ಸೀಸೆ. ಬಿಯರಿನ ಕಹಿಗೆ ಹಾಪ್ಸ್ ಎಂಬ ಬಳ್ಳಿಯ ಹೂಗಳು ಕಾರಣ. ಆ ಕಹಿ ದ್ರವ್ಯಗಳ ಮೇಲೆ ಬೆಳಕು ಬಿದ್ದರೆ ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ವೈರಿಯ ಮೇಲೆ ಎರಚುವ ದುರ್ಗಂಧಕ್ಕೆ ಹೋಲುವ ವಾಸನೆ ಅದರದು. ಬಿಳಿ ಮತ್ತು ಹಸಿರು ಗಾಜು ಈ ಬೆಳಕನ್ನು ಒಳಗೆ ಬಿಡುತ್ತವೆ; ಕಂದು ಗಾಜು ಬಹುಮಟ್ಟಿಗೆ ತಡೆಯುತ್ತದೆ. 1910ರ ದಶಕದ ಆರಂಭದಲ್ಲಿ ಕಂದು ಸೀಸೆಯನ್ನು ಬಳಕೆಗೆ ತಂದು ಪ್ರಚಾರ ಮಾಡಿದವರು ಇದೇ ಶ್ಲಿಟ್ಜ್‌ನವರು. ಗಿರಾಕಿಯ ಲೋಟಕ್ಕೆ ಬೀಳುವವರೆಗೆ ಬಿಯರು ಕೆಡಬಾರದೆಂಬ ಕಾಳಜಿ ಒಂದು ಕಾಲಕ್ಕೆ ಅಲ್ಲಿ ಅಷ್ಟಿತ್ತು.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಈಲೈನ್ ಮನೆತನದವರು ಚಾಕೊಲೇಟ್ ಕಾರ್ಖಾನೆ ತೆರೆದು ಕೈಸುಟ್ಟುಕೊಂಡರು. ನಿಷೇಧ ತೆರವಾದ ಮೇಲೆ ಶ್ಲಿಟ್ಜ್ ಮತ್ತೆ ಅಗ್ರಸ್ಥಾನಕ್ಕೇರಿತು. 1953ರಲ್ಲಿ ಮಿಲ್ವಾಕೀ ಬ್ರೂವರಿಗಳ ಕಾರ್ಮಿಕರು ದೀರ್ಘ ಮುಷ್ಕರ ಹೂಡಿದಾಗ, ಸೇಂಟ್ ಲೂಯಿಯ ಆನ್‌ಹೈಸರ್-ಬುಶ್ ಕಂಪನಿಯ ಬಡ್‌ವೈಸರ್ ಬಿಯರು ಮುಂದೆ ಬಂತು. 1957ರಿಂದಾಚೆಗೆ ಶ್ಲಿಟ್ಜ್‌ಗೆ ಎರಡನೆಯ ಸ್ಥಾನವೇ ಖಾಯಂ ಆಯಿತು. ಎರಡನೆಯ ರ್‍ಯಾಂಕು ಬಂದ ಹುಡುಗನ ಮನೆಯವರಿಗಿರುವ ತಳಮಳ ಮೂವತ್ತೈದನೆಯ ರ್‍ಯಾಂಕಿನವನ ಮನೆಯಲ್ಲಿರುವುದಿಲ್ಲವೆಂಬುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

1961ರಲ್ಲಿ ಅಧ್ಯಕ್ಷನಾದ ರಾಬರ್ಟ್ ಈಲೈನ್ ಜೂನಿಯರ್ ಈ ಅಂತರವನ್ನು ತುಂಬಲು ಆರಿಸಿಕೊಂಡದ್ದು ವೆಚ್ಚ ಕಡಿತದ ದಾರಿಯನ್ನು. ಬಿಯರು ಕಾಲವನ್ನು ಬೇಡುವ ಪದಾರ್ಥ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸ ಯೀಸ್ಟಿನಿಂದ ಹುದುಗಿ, ಆಮೇಲೆ ತಂಪಿನಲ್ಲಿ ವಾರಗಟ್ಟಲೆ ಹದವಾಗಬೇಕು. ಅಷ್ಟು ದಿನ ತೊಟ್ಟಿ ಖಾಲಿಯಾಗುವುದಿಲ್ಲ, ಹಾಕಿದ ಹಣ ಹಿಂದಿರುಗುವುದಿಲ್ಲ. ಹುದುಗುವಿಕೆಯನ್ನು ತ್ವರೆಗೊಳಿಸುವ ಹೊಸ ವಿಧಾನದಿಂದ ಒಟ್ಟು ಅವಧಿಯನ್ನು ಹದಿನೈದು ದಿನಗಳ ಆಸುಪಾಸಿಗೆ ಇಳಿಸಿದರು. ಬಾರ್ಲಿಯ ಒಂದು ಪಾಲಿನ ಬದಲು ಅಗ್ಗದ ಮೆಕ್ಕೆಜೋಳದ ಸಕ್ಕರೆಪಾಕ ಬಂತು. ಹಾಪ್ಸ್ ಹೂಗಳ ಜಾಗಕ್ಕೆ ಹಿಂಡಿ ಒತ್ತಿದ ಗುಳಿಗೆಗಳು ಬಂದವು. ಒಂದೊಂದು ಬದಲಾವಣೆಗೂ ಮೊದಲು ರುಚಿಪರೀಕ್ಷೆ ನಡೆಯುತ್ತಿತ್ತೆಂದೂ, ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲವೆಂದೂ ಈ ಕಥೆಯನ್ನು ಹೇಳುವವರೆಲ್ಲ ಹೇಳುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಡೀ ಪ್ರಕರಣದ ಗಂಟು ಇಲ್ಲಿಯೇ ಇದೆ. ನಮ್ಮ ಮನೆಗಳ ಕಾಫಿಯನ್ನೇ ತೆಗೆದುಕೊಳ್ಳಿ. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಚಿಕೋರಿ ಬೆರೆಸಿದ ಪುಡಿಗೆ ಅಭ್ಯಾಸವಾದವರಿಗೆ ಇಪ್ಪತ್ತೆರಡು ಪಾಲಿನ ಪುಡಿಯನ್ನು ಕೊಟ್ಟರೆ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಇಪ್ಪತ್ತನಾಲ್ಕು. ಆಗ ನಾಲಿಗೆ ಅದನ್ನು ಹೋಲಿಸುವುದು ಹಿಂದಿನ ತಿಂಗಳ ಇಪ್ಪತ್ತೆರಡರೊಡನೆ, ಮೊದಲಿನ ಇಪ್ಪತ್ತರೊಡನೆ ಅಲ್ಲ. ಹೀಗೆ ನಡೆದು ಐವತ್ತಕ್ಕೆ ಮುಟ್ಟಿದಾಗಲೂ ಯಾವ ಒಂದು ತಿಂಗಳ ಪರೀಕ್ಷೆಯೂ ಅನುತ್ತೀರ್ಣವಾಗಿರುವುದಿಲ್ಲ. ಅ ಮತ್ತು ಆ ಸಮ, ಆ ಮತ್ತು ಇ ಸಮ, ಆದುದರಿಂದ ಅ ಮತ್ತು ಇ ಸಮ ಎಂದು ನಾನು ನಿಮಗೆ ಕಲಿಸಿದ್ದೆ. ಸಂಖ್ಯೆಗಳಿಗೆ ಅದು ಸತ್ಯ. "ವ್ಯತ್ಯಾಸ ತಿಳಿಯುವುದಿಲ್ಲ" ಎಂಬ ಸಂಬಂಧಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಶ್ಲಿಟ್ಜ್‌ನ ಲೆಕ್ಕಿಗರು ಅನ್ವಯಿಸಿದರು. ಬಹಳ ಕಾಲ ಬೇರೆಡೆ ಇದ್ದು ಊರಿಗೆ ಮರಳಿದ ಮಗ ಮೊದಲ ಗುಟುಕಿಗೇ "ಅಮ್ಮ, ಇದೇನು ಕಾಫಿ?" ಎನ್ನುತ್ತಾನೆ. ಶ್ಲಿಟ್ಜ್‌ಗೂ ಅಂಥ ಮಗ ಬಂದೇ ಬರುವವನಿದ್ದ.

ಆದರೂ ಅವರ ಧೈರ್ಯಕ್ಕೆ ಒಂದು ಆಧಾರವಿತ್ತು. 1964ರಲ್ಲಿ ಆಲಿಸನ್ ಮತ್ತು ಊಲ್ ಎಂಬ ಇಬ್ಬರು ಮುನ್ನೂರಕ್ಕೂ ಹೆಚ್ಚು ಮಂದಿ ಬಿಯರು ಕುಡಿಯುವವರ ಮನೆಗಳಿಗೆ ಹೆಸರುಪಟ್ಟಿ ಕಿತ್ತ ಸೀಸೆಗಳನ್ನು ಕೊಟ್ಟು ಅಂಕ ಹಾಕಲು ಹೇಳಿದ ಪ್ರಯೋಗ ಪ್ರಕಟವಾಗಿತ್ತು. ತಮ್ಮ ಮೆಚ್ಚಿನ ಬಿಯರು ಯಾವುದೆಂದು ಹೆಚ್ಚಿನವರಿಗೆ ಗುರುತು ಸಿಗಲಿಲ್ಲ. ಅವೇ ಬಿಯರುಗಳನ್ನು ಹೆಸರುಪಟ್ಟಿಯೊಡನೆ ಕೊಟ್ಟಾಗ ಅಂಕಗಳು ಏರಿದವು. ಪ್ರತಿಯೊಬ್ಬರೂ ತಂತಮ್ಮ ಬಿಯರಿಗೆ ಹೆಚ್ಚು ಅಂಕ ಕೊಟ್ಟರು. ಅಂದರೆ ಸಾಧಾರಣ ಬಿಯರನ್ನು ಕುಡಿಯುವಂತೆ ಮಾಡುವ ವಸ್ತುಗಳಲ್ಲಿ ತಂಪು, ಉಪ್ಪುಗಳ ಜೊತೆಗೆ ಹೆಸರೂ ಒಂದು. ಹೆಸರು ಗಟ್ಟಿಯಿರುವಾಗ ಒಳಗಿನದನ್ನು ತುಸು ತೆಳು ಮಾಡಿದರೇನೆಂದು ವ್ಯಾಪಾರಿಗೆ ತೋರುವುದು ಸಹಜ. ಹೆಸರೂ ಖರ್ಚಾಗುವ ಬಂಡವಾಳವೆಂಬುದು ಆ ವರ್ಷಗಳ ಲೆಕ್ಕಪತ್ರದಲ್ಲಿ ಕಾಣಿಸಲಿಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಮಾರಾಟ ಏರಿತು, ಲಾಭ ಏರಿತು, ಷೇರುಪೇಟೆಯ ಪಂಡಿತರು ಹೊಗಳಿದರು.

ಕುಸಿತಕ್ಕೆ ಕಾರಣವಾದದ್ದು, ವಿಚಿತ್ರವೆಂದರೆ, ಮತ್ತೆ ಆ ತಂಪೇ. ಬಿಯರನ್ನು ತುಂಬ ತಣಿಸಿದರೆ ಅದರಲ್ಲಿನ ಪ್ರೋಟೀನುಗಳು ಒಗರಿನ ದ್ರವ್ಯಗಳೊಡನೆ ಕೂಡಿ ಮಬ್ಬು ಕವಿಯುತ್ತದೆ. ತಣ್ಣಗಿನ, ತಿಳಿಯಾದ ಬಿಯರನ್ನೇ ಬಯಸುವ ದೇಶದಲ್ಲಿ ಮಬ್ಬು ಸಲ್ಲದು. ಅದನ್ನು ನಿವಾರಿಸಲು ಶ್ಲಿಟ್ಜ್‌ನವರು ಸಿಲಿಕಾ ಜೆಲ್ ಬಳಸುತ್ತಿದ್ದರು. ಹೊಸ ಪಾದರಕ್ಷೆಯ ಪೆಟ್ಟಿಗೆಯಲ್ಲಿ ಪುಟ್ಟ ಪೊಟ್ಟಣವಾಗಿ ಬರುವ ಪದಾರ್ಥದ ಜಾತಿಯೇ ಅದು, ಹಾನಿಯಿಲ್ಲದ್ದು. 1976ರಲ್ಲಿ ಬಿಯರಿನ ಸಾಮಗ್ರಿಗಳನ್ನೆಲ್ಲ ಸೀಸೆಯ ಮೇಲೆ ಮುದ್ರಿಸಬೇಕೆಂಬ ಸರ್ಕಾರಿ ನಿಯಮ ಬರಬಹುದೆಂಬ ಭಯ ಹುಟ್ಟಿತು. ಪಟ್ಟಿಯಲ್ಲಿ ಸಿಲಿಕಾ ಜೆಲ್ ಕಂಡರೆ ಜನ ಏನೆಂದಾರು? ಅದನ್ನು ಬಿಟ್ಟು ಚಿಲ್‌ಗಾರ್ಡ್ ಎಂಬ ಇನ್ನೊಂದು ವಸ್ತುವನ್ನು ಬಳಸಿದರು. ಅದು ಕೊನೆಯಲ್ಲಿ ಸೋಸಿ ಹೋಗುವುದರಿಂದ ಪಟ್ಟಿಯಲ್ಲಿ ಹೇಳಬೇಕಾಗಿಲ್ಲವೆಂಬುದು ಯೋಚನೆ. ಕಾರ್ಖಾನೆಯ ಗೋಡೆಗಳನ್ನು ಗಾಜು ಮಾಡಿ ಜನರಿಗೆ ತೋರಿಸಿದ ಹಾಪ್ಕಿನ್ಸ್‌ನನ್ನು ಇಲ್ಲಿ ನೆನೆಯದಿರಲು ನನ್ನಿಂದಾಗುವುದಿಲ್ಲ.

ಬಿಯರಿನಲ್ಲಿ ನೊರೆ ನಿಲ್ಲುವಂತೆ ಮಾಡಲು ಕಡಲಪಾಚಿಯಿಂದ ತೆಗೆದ ಇನ್ನೊಂದು ಪದಾರ್ಥವನ್ನು ಮೊದಲಿನಿಂದಲೂ ಬೆರೆಸುತ್ತಿದ್ದರು. ಹೊಸದಾಗಿ ಬಂದದ್ದು ಅದರೊಡನೆ ಕೂಡಿ ಸೀಸೆಯೊಳಗೆ ಬಿಳಿಯ ಚೂರುಗಳಾಗಿ ತೇಲತೊಡಗಿತು. ಕಪಾಟಿನಲ್ಲಿ ಹೆಚ್ಚು ಕಾಲ ಇದ್ದ ಸೀಸೆಗಳಲ್ಲಿ ಅದು ಲೋಳೆಯಂತೆ ಕಾಣುತ್ತಿತ್ತು. ಕುಡಿಯುವವರು ಅದಕ್ಕೆ ಕೊಟ್ಟ ಹೆಸರನ್ನು ನಾನು ಇಲ್ಲಿ ಬರೆಯಲಾರೆ. ನೆಗಡಿಗೆ ಸಂಬಂಧಿಸಿದ್ದೆಂದರೆ ಸಾಕು. ಆರೋಗ್ಯಕ್ಕೆ ಹಾನಿಯಿಲ್ಲವೆಂದು ಕಂಪನಿ ಕೆಲಕಾಲ ಸುಮ್ಮನಿತ್ತು. ಅನಂತರ ನೊರೆಯ ಪದಾರ್ಥವನ್ನು ಕೈಬಿಟ್ಟಾಗ ಬಿಯರು ನೊರೆಯಿಲ್ಲದೆ ಸಪ್ಪಗಾಯಿತು. ಕೊನೆಗೆ ಸುಮಾರು ಒಂದು ಕೋಟಿ ಸೀಸೆ ಮತ್ತು ಡಬ್ಬಿಗಳನ್ನು ಸದ್ದಿಲ್ಲದೆ ಹಿಂದಕ್ಕೆ ತರಿಸಿ ನಾಶಮಾಡಿದರು. ಆ ವರ್ಷದ ನವೆಂಬರಿನಲ್ಲಿ ರಾಬರ್ಟ್ ಈಲೈನ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಮರುವರ್ಷ ಮಿಲ್ವಾಕೀಯದೇ ಆದ ಮಿಲ್ಲರ್ ಕಂಪನಿ ಶ್ಲಿಟ್ಜನ್ನು ಹಿಂದಿಕ್ಕಿತು. 1977ರಲ್ಲಿಯೇ ಬಂದ ದೂರದರ್ಶನದ ಜಾಹೀರಾತುಗಳಲ್ಲಿ ಕಟ್ಟುಮಸ್ತಾದ ಒರಟರು, ತಮ್ಮ ಶ್ಲಿಟ್ಜನ್ನು ಬಿಟ್ಟು ಬೇರೆ ಬಿಯರು ಕುಡಿಯಿರೆಂದು ಕೇಳಿದವನ ಮೇಲೆ ಎಗರಿಬೀಳುತ್ತಿದ್ದರು. "ಶ್ಲಿಟ್ಜ್ ಕುಡಿ, ಇಲ್ಲವಾದರೆ ಕೊಂದೇನು" ಎಂದು ಜನ ಆ ಜಾಹೀರಾತಿಗೆ ಅಡ್ಡಹೆಸರಿಟ್ಟರು. ಕೆಲವೇ ವಾರಗಳಲ್ಲಿ ಅದನ್ನು ಹಿಂತೆಗೆದುಕೊಂಡರು.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನಗೆ ಮುಖ್ಯವೆನಿಸಿದ್ದು ಆಮೇಲಿನದು. 1977ರ ಕೊನೆಯಲ್ಲಿ ಫ್ರಾಂಕ್ ಸೆಲಿಂಜರ್ ಎಂಬವನನ್ನು ಆನ್‌ಹೈಸರ್-ಬುಶ್‌ನಿಂದ ಕರೆತಂದರು. ಅವನು ಬಿಯರು ತಯಾರಿಸುವ ಕಸುಬನ್ನೇ ಕಲಿತು ಮೇಲೆ ಬಂದವನು, ಲೆಕ್ಕದ ಪುಸ್ತಕದಿಂದ ಬಂದವನಲ್ಲ. ಸಾಮಗ್ರಿಯನ್ನೂ ಅವಧಿಯನ್ನೂ ಸರಿಪಡಿಸಿದ. ಬಿಯರು ಮತ್ತೆ ಕುಡಿಯುವಂತಾಯಿತು. ಅದನ್ನು ಸಾಧಿಸಿ ತೋರಿಸಲು 1981ರ ಜನವರಿಯಲ್ಲಿ, ಅಮೆರಿಕನ್ ಫುಟ್‌ಬಾಲಿನ ಮಹಾಪಂದ್ಯವಾದ ಸೂಪರ್ ಬೌಲ್ ನಡುವೆ, ನೇರಪ್ರಸಾರದಲ್ಲಿ ಒಂದು ಪರೀಕ್ಷೆ ನಡೆಸಿದರು. ಮಿಕಲೋಬ್ ಎಂಬ ಎದುರಾಳಿ ಬಿಯರಿನ ಕಟ್ಟಾ ಅಭಿಮಾನಿಗಳಾದ 100 ಮಂದಿಯ ಮುಂದೆ ಹೆಸರಿಲ್ಲದ ಎರಡು ಲೋಟಗಳು. ಒಂದರಲ್ಲಿ ಅವರದು, ಇನ್ನೊಂದರಲ್ಲಿ ಶ್ಲಿಟ್ಜ್. ಸರಿಯಾಗಿ 50 ಮಂದಿ ಶ್ಲಿಟ್ಜನ್ನು ಆರಿಸಿದರು.

ದೇಶವೇ ಬೆರಗಾಯಿತು, ಎದುರಾಳಿಯ ಅಭಿಮಾನಿಗಳಲ್ಲಿಯೇ ಅರ್ಧದಷ್ಟು ಜನ! ನೀವು ಬೆರಗಾಗಬಾರದು. ಎರಡು ಲೋಟಗಳಿಗೆ ವ್ಯತ್ಯಾಸವೇ ತಿಳಿಯದೆ ಪ್ರತಿಯೊಬ್ಬನೂ ನಾಣ್ಯ ಚಿಮ್ಮಿದಂತೆ ಆರಿಸಿದ್ದರೂ ನಿರೀಕ್ಷಿತ ಸಂಖ್ಯೆ 50. ನಿಖರವಾಗಿ 50 ಬರುವ ಸಂಭವನೀಯತೆ ಶೇಕಡಾ 8ರಷ್ಟು, 40ರಿಂದ 60ರೊಳಗೆ ಬರುವುದು ಶೇಕಡಾ 96ಕ್ಕೂ ಮಿಕ್ಕು. ನೂರು ಮಂದಿ ಶ್ಲಿಟ್ಜ್ ಅಭಿಮಾನಿಗಳನ್ನು ಕೂರಿಸಿದ್ದರೂ ಉತ್ತರ ಅದರ ಸುತ್ತಲೇ ಬರುತ್ತಿತ್ತು, ಆಗ ಅದು ಶ್ಲಿಟ್ಜ್‌ಗೆ ಅವಮಾನವಾಗಿ ಕಾಣುತ್ತಿತ್ತು. ಎದುರಾಳಿಯ ಕಡೆಯವರನ್ನೇ ಕರೆದದ್ದರಲ್ಲಿದೆ ಜಾಣತನ. ಇದನ್ನು ಮೋಸವೆಂದು ನಾನು ಹೇಳಲಾರೆ. ಎರಡೂ ಬಿಯರುಗಳು ಸಮಸಮವೆಂಬುದು ಸಾಬೀತಾದದ್ದಂತೂ ನಿಜ, ಐದು ವರ್ಷಗಳ ಹಿಂದೆ ಲೋಳೆ ತೇಲುತ್ತಿದ್ದ ಬಿಯರಿಗೆ ಅದು ಸಣ್ಣ ಮಾತಲ್ಲ.

ಆದರೆ ಪರೀಕ್ಷೆಯ ಲೋಟಕ್ಕೆ ಹೆಸರಿರಲಿಲ್ಲ, ಅಂಗಡಿಯ ಸೀಸೆಗೆ ಇತ್ತು. ಆಲಿಸನ್ ಮತ್ತು ಊಲ್ ಕಂಡದ್ದು ಈಗ ತಿರುಗುಮುರುಗಾಯಿತು. ಹಿಂದೆ ಹೆಸರಿನ ಬಲದಿಂದ ಕೆಟ್ಟ ಬಿಯರು ಖರ್ಚಾಗಿತ್ತು. ಈಗ ಒಳ್ಳೆಯ ಬಿಯರು ಹೆಸರಿನ ಕಾರಣದಿಂದಲೇ ಕಪಾಟಿನಲ್ಲಿ ಉಳಿಯಿತು. ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ. ಶ್ಲಿಟ್ಜ್ ಮತ್ತೆ ಕುಡಿಯುವಂತಾದದ್ದು ಅದನ್ನು ಕುಡಿಯುವವರು ಇಲ್ಲವಾದ ಮೇಲೆ. 1981ರ ಜೂನ್‌ನಲ್ಲಿ ಮಿಲ್ವಾಕೀ ಬ್ರೂವರಿಯ ಸುಮಾರು 700 ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿದದ್ದು ಬ್ರೂವರಿಯನ್ನು ಶಾಶ್ವತವಾಗಿ ಮುಚ್ಚುವುದರೊಂದಿಗೆ. ತ್ವರಿತ ಹುದುಗುವಿಕೆಯನ್ನಾಗಲಿ ಮೆಕ್ಕೆಜೋಳದ ಪಾಕವನ್ನಾಗಲಿ ಆರಿಸಿದವರು ಆ ಕಾರ್ಮಿಕರಲ್ಲ. 1982ರಲ್ಲಿ ಡೆಟ್ರಾಯಿಟಿನ ಸ್ಟ್ರೋ ಕಂಪನಿ ಶ್ಲಿಟ್ಜನ್ನು ಕೊಂಡಿತು. 1999ರಲ್ಲಿ ಸ್ಟ್ರೋ ಕಂಪನಿಯೇ ಮುಳುಗಿದಾಗ ಶ್ಲಿಟ್ಜ್ ಎಂಬ ಹೆಸರು ಪ್ಯಾಬ್ಸ್ಟ್ ಕಂಪನಿಯ ಪಾಲಾಯಿತು. ಮಿಲ್ವಾಕೀಯ ಆ ಹಳೆಯ ಕಟ್ಟಡಗಳಲ್ಲಿ ಕಚೇರಿಗಳು ಬಂದಿವೆ.

2008ರಲ್ಲಿ ಪ್ಯಾಬ್ಸ್ಟ್‌ನವರಿಗೆ ಒಂದು ಆಲೋಚನೆ ಬಂತು: ಕೆಡುವುದಕ್ಕೆ ಮುಂಚಿನ, 1960ರ ದಶಕದ ಶ್ಲಿಟ್ಜನ್ನು ಮತ್ತೆ ತಯಾರಿಸಬೇಕು. ಪಾಕದ ವಿವರಕ್ಕಾಗಿ ಹುಡುಕಿದರೆ ಅದು ಎಲ್ಲಿಯೂ ಸಿಗಲಿಲ್ಲ. ಕಂಪನಿ ಕೈಯಿಂದ ಕೈಗೆ ದಾಟುವಾಗ ಕಳೆದುಹೋಗಿತ್ತು. ವಯಸ್ಸಾಗಿದ್ದ ಹಿಂದಿನ ಬ್ರೂಮಾಸ್ಟರುಗಳನ್ನೂ ಕೆಲಸಗಾರರನ್ನೂ ಹುಡುಕಿಕೊಂಡು ಹೋಗಿ, ಯಾವ ಹಾಪ್ಸ್, ಎಷ್ಟು ಮಾಲ್ಟ್, ಎಷ್ಟು ದಿನ ಎಂದು ಕೇಳಿ ಕೇಳಿ, ಅವರ ನೆನಪಿನಿಂದ ಪಾಕವನ್ನು ಮರಳಿ ಕಟ್ಟಬೇಕಾಯಿತು. ಪ್ಯಾಬ್ಸ್ಟ್‌ಗೆ ಆ ವೇಳೆಗೆ ಸ್ವಂತ ಬ್ರೂವರಿಯೂ ಇರಲಿಲ್ಲ. ಅದರ ಬಿಯರುಗಳನ್ನು ಗುತ್ತಿಗೆಯ ಮೇಲೆ ತಯಾರಿಸಿಕೊಡುತ್ತಿದ್ದದ್ದು, ಒಂದು ಕಾಲಕ್ಕೆ ಶ್ಲಿಟ್ಜನ್ನು ಹಿಂದಿಕ್ಕಿದ ಆ ಮಿಲ್ಲರ್ ಕಂಪನಿ. ಮಿಲ್ವಾಕೀಯ ಅಂಗಡಿಗಳಿಗೆ ಅದು ಬಂದಾಗ ಹಳಬರು ಮುಗಿಬಿದ್ದು ಕೊಂಡರು, ಇದೇ ಆ ರುಚಿ ಎಂದರು. ಬಿಯರು ನಲವತ್ತು ವರ್ಷ ಇಟ್ಟುಕೊಳ್ಳುವ ಪದಾರ್ಥವಲ್ಲವಾದುದರಿಂದ, ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಹಳೆಯದೊಂದು ಸೀಸೆಯೂ ಒದಗುವಂತಿರಲಿಲ್ಲ.